ಎಂಟು ಸಲ ಸತ್ತು ಕೇಳಿದ ಮಾತು

ಕೊಡಿಯಾಲ್‌ಬೈಲಿನ ಒಂದು ಸಣ್ಣ ಆಫೀಸಿನಲ್ಲಿ ನಾವು ಆರು ಜನ ವಿಡಿಯೊ ಗೇಮ್ ಮಾಡುತ್ತೇವೆ. ಆಡುವವರು ನಾಯಕನಾಗಿ ಊರೂರು ಸುತ್ತಿ, ಕಾದಾಡಿ, ಒಂದು ಕಥೆಯನ್ನು ಕೊನೆ ಮುಟ್ಟಿಸುವ ಆಟ. ಅದರ ಮಾತುಗಳೆಲ್ಲ ನನ್ನವು. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ, ಚೆನ್ನಾಗಿಯೇ ಬರೆದಿದ್ದೆ.

ಶುರುವಿನಲ್ಲಿ ನಮ್ಮದು ಹಳೆಯ ಕ್ರಮದ ಆಟವಾಗಿತ್ತು. ನಿನ್ನದೊಂದು ಏಟು, ನನ್ನದೊಂದು ಏಟು, ನಡುವೆ ಯೋಚಿಸಲು ಬೇಕಾದಷ್ಟು ಹೊತ್ತು. ಆಮೇಲೆ ಅದು ಈಗಿನವರಿಗೆ ಬೋರು ಎಂದಾಯಿತು. ಸರದಿ ಹೋಯಿತು, ಕತ್ತಿ ಬೀಸುತ್ತಿರುವಾಗಲೇ ಕಥೆಯೂ ಓಡಬೇಕು. ಕೊನೆಯ ಕಾಳಗದಲ್ಲಿ ಹೊಳೆಯ ಕಡವಿನಲ್ಲಿ ಅಡ್ಡ ನಿಂತ ಪಾಳೆಗಾರ, ಹುಟ್ಟಿದ ಊರಿಗೇ ತಾನು ಯಾಕೆ ದ್ರೋಹ ಬಗೆದೆ ಎಂದು ಹೊಡೆದಾಡುತ್ತಲೇ ಹೇಳುತ್ತಾನೆ. ಎರಡು ತಿಂಗಳು ತಿದ್ದಿ ತಿದ್ದಿ ಬರೆದ ಮಾತು ಅದು. ಒಂದು ಶನಿವಾರ ನಮ್ಮ ಮುಖ್ಯಸ್ಥರು ಹೇಳಿಬಿಟ್ಟರು: "ಫೈಟ್ ಆಗುವಾಗ ಭಾಷಣ ಯಾರು ಕೇಳ್ತಾರೆ ಮಾರಾಯ್ರೆ? ಸೋಮವಾರ ಅದನ್ನು ತೆಗೆಯುವ."

ಮೈಯೆಲ್ಲ ಉರಿದುಹೋಯಿತು. ತೆಗೆಯುವುದಂತೆ! ಲ್ಯಾಪ್‌ಟಾಪ್ ಹೊತ್ತು ಕಾವೂರಿನ ಮನೆಗೆ ಬಂದವಳು ಮರುದಿನ ಬೆಳಿಗ್ಗೆ ಕಂಟ್ರೋಲರನ್ನು ಅಪ್ಪನ ಕೈಗಿಟ್ಟೆ. ಯಾರಾದರೂ ಒಬ್ಬರು ಆ ಮಾತನ್ನು ಕೇಳಲಿ ಎಂಬ ಹಟ, ಅಷ್ಟೆ.

ಅಪ್ಪ ನಿವೃತ್ತ ಮಾಸ್ಟ್ರು, ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲಿಯೇ ಪುರಾಣದ ಪಾತ್ರವಾಗಿ ಎದುರಿನವರೊಡನೆ ಮಾತಿನಲ್ಲಿ ಯುದ್ಧ ಮಾಡುವುದು. ಗುಂಡಿಗಳನ್ನು ಅವರು ಬೇಗನೆ ಕಲಿತರು. ಪಾಳೆಗಾರ ಬಂದ, ಬಾಯಿ ತೆರೆದ. ಅಪ್ಪ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಕೈ ಕಟ್ಟಿ, ತಲೆದೂಗುತ್ತಾ ಕೂತುಬಿಟ್ಟರು. ಪಾಳೆಗಾರ ನಾಯಕನ ತಲೆ ಹಾರಿಸಿದ.

"ಅಯ್ಯೋ ಅಪ್ಪ, ಗುಂಡಿ ಒತ್ತಿ!"

"ಅವನು ಹೇಳಿ ಮುಗಿಸ್ಲಿ ಮಾರಾಯ್ತಿ. ಅರ್ಧದಲ್ಲಿ ಬಾಯಿ ಹಾಕುವುದಾ? ಎಂತ ಕ್ರಮ ಅದು?"

ಹಾಗೆ ಎಂಟು ಸಲ ಸತ್ತರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಎಂಟನೆಯ ಸಲ ಅಪ್ಪನಿಗೇ ರೇಗಿತು. "ಪಾಪದವ ಎಷ್ಟು ಚಂದ ಶುರು ಮಾಡ್ತಾನೆ! ಮುಂದೆ ಎಂತ ಹೇಳ್ಲಿಕ್ಕುಂಟು ಅವನಿಗೆ? ಕೇಳ್ಲಿಕ್ಕೇ ಬಿಡುವುದಿಲ್ಲವಲ್ಲ ನಿಮ್ಮ ಆಟ!"

ತಪ್ಪು ಅಪ್ಪನದ್ದಲ್ಲ, ಆಟದ್ದು ಎಂದು ಆಗ ಹೊಳೆಯಿತು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ, ಕೋಡ್ ಬರೆಯುವ ಗೆಳತಿಯನ್ನು ಕಾಡಿಸಿ ಒಂದು ಬದಲಾವಣೆ ಮಾಡಿಸಿದೆ: ಆಡುವವರು ಕತ್ತಿ ಇಳಿಸಿ ನಿಂತರೆ ಪಾಳೆಗಾರನೂ ಕತ್ತಿ ಇಳಿಸಿ, ಹೇಳುವುದನ್ನೆಲ್ಲ ಹೇಳಬೇಕು. ಮುಗಿದ ಮೇಲೆಯೇ ಕಾಳಗ. ಹೊಡೆಯುವ ಅವಸರದವರು ಹೊಡೆದುಕೊಳ್ಳಲಿ.

"ಯಾರೂ ಕೇಳುವುದಿಲ್ಲ ಅಂದೆನಲ್ಲ," ಎಂದರು ಮುಖ್ಯಸ್ಥರು.

"ನನ್ನ ಅಪ್ಪ ಕೇಳಿದ್ದಾರೆ. ಎಂಟು ಸಲ ಸತ್ತು ಕೇಳಿದ್ದಾರೆ," ಎಂದೆ. ನನ್ನ ದನಿ ಸ್ವಲ್ಪ ಜೋರೇ ಇತ್ತು. ಅವರು ಮುಖ ಗಂಟಿಕ್ಕಿಕೊಂಡೇ ಆಡಿದರು, ಕತ್ತಿ ಇಳಿಸಿದರು, ಪೂರ್ತಿ ಕೇಳಿದರು. ಚಹಾ ಹಿಡಿದು ಬಂದವರೆಲ್ಲ ಅವರ ಕುರ್ಚಿಯ ಹಿಂದೆ ನಿಂತುಕೊಂಡೇ ಇದ್ದರು. "ಇರಲಿ ಇದು," ಎಂದರು ಕೊನೆಗೆ. ಆ ಎರಡು ಶಬ್ದಕ್ಕೆ ನಾನು ಇಡೀ ದಿನ ಬೀಗಿದೆ.

ಸಂಜೆ ಅಪ್ಪನಿಗೆ ಮತ್ತೆ ಆಡಲು ಕೊಟ್ಟೆ. ಈ ಸಲ ಪಾಳೆಗಾರನನ್ನು ಯಾರೂ ತಡೆಯಲಿಲ್ಲ. ಕೊನೆಯ ವಾಕ್ಯವನ್ನೂ ಹೇಳಿ ಅವನು ಕತ್ತಿ ಎತ್ತಿದ.

"ಈಗ ನಿಮ್ಮ ಸರದಿ ಅಪ್ಪ, ಹೊಡೆಯಿರಿ," ಎಂದೆ.

ಅಪ್ಪ ಹೊಡೆಯಲಿಲ್ಲ. ನಲವತ್ತು ವರ್ಷ ಎಂಥೆಂಥ ಘಟಾನುಘಟಿಗಳ ಎದುರು ಕೂತು ಒಮ್ಮೆಯೂ ಮಾತಿಗೆ ತಡವರಿಸದ ಮನುಷ್ಯ, ಕಂಟ್ರೋಲರನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟರು.

"ಇವನಿಗೆ ಕೊಡುವ ಉತ್ತರ ನನ್ನಲ್ಲಿ ಇಲ್ಲ ಮಗಳೇ," ಎಂದರು. "ನಾನು ಸೋತೆ."