ಬೌಂಡರಿಯಲ್ಲಿ ನಿಲ್ಲುತ್ತಿದ್ದವರು

ನನ್ನನ್ನು ನೋಡಲು ಬಂದ ದಿನ ಅವರು ಐನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹುಡುಗ ಶಹಾಬಾದಿನ ಒಬ್ಬ ಕಲ್ಲು ವ್ಯಾಪಾರಿಯ ಹತ್ತಿರ ಇದ್ದಾನೆ, ಅವರ ಟೀಮಿನಲ್ಲಿ ಕ್ರಿಕೆಟ್ ಆಡುತ್ತಾನೆ, ಆಟಕ್ಕಾಗಿಯೇ ಪಗಾರ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದು ಸಂಬಂಧ ತಂದವರು ಹೇಳಿದ್ದರು. ಆಟಕ್ಕೂ ಪಗಾರ ಇರುತ್ತದೆಯೇ ಎಂದು ಅಪ್ಪನಿಗೆ ಅನುಮಾನ. ಅಣ್ಣನಿಗೆ ಮಾತ್ರ ಭಾರಿ ಉತ್ಸಾಹ.

"ಬ್ಯಾಟಿಂಗ್ ಮಾಡ್ತೀರೇನ್ರಿ?" ಎಂದು ಕೇಳಿದ.

"ಇಲ್ಲರಿ. ಎಲ್ಲಾರದು ಆದಮ್ಯಾಲ ಕಡೀಕ ಹೋಗ್ತೀನ್ರಿ."

"ಹಂಗಾರ ಬೌಲಿಂಗ್?"

"ಅದೂ ಇಲ್ಲರಿ."

"ಮತ್ತ ಏನ್ ಮಾಡ್ತೀರಿ?"

"ಬೌಂಡ್ರಿ ಮ್ಯಾಲ ನಿಂದರ್ತೀನ್ರಿ."

ಅಡುಗೆಮನೆಯ ಬಾಗಿಲ ಹಿಂದಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಅದು ಕೇಳಿಸಿತು. ಮೊದಲ ಸಲ ತಲೆ ಎತ್ತಿ, ಸದ್ದು ಬಂದ ಕಡೆಗೆ ಪೂರ್ತಿ ಕತ್ತು ತಿರುಗಿಸಿ ನೋಡಿದರು. ಹಾಗೆ ಮುಖವನ್ನೆಲ್ಲ ತಿರುಗಿಸಿ ನೋಡುವವರು ಮನಸ್ಸಿಟ್ಟು ನೋಡುತ್ತಾರೆ ಅನ್ನಿಸಿ ನನಗೆ ಅವರು ಇಷ್ಟವಾದರು.

ಮದುವೆಯಾಗಿ ವಾಡಿಯಲ್ಲಿ ಮನೆ ಮಾಡಿದೆವು. ನಾನು ನಾಲವಾರದ ಶಾಲೆಯಲ್ಲಿ ಕಲಿಸುತ್ತಿದ್ದೆ, ಅವರ ಕೆಲಸ ಶಹಾಬಾದಿನಲ್ಲಿ. ಬೆಳಿಗ್ಗೆ ಒಟ್ಟಿಗೇ ಸ್ಟೇಷನ್ನಿಗೆ ಹೋಗಿ, ನಾನು ಒಂದು ದಿಕ್ಕಿನ ಗಾಡಿ, ಅವರು ಇನ್ನೊಂದು ದಿಕ್ಕಿನ ಗಾಡಿ ಹತ್ತುತ್ತಿದ್ದೆವು. ಪಾಲಿಶ್ ಆದ ಹಾಸುಗಲ್ಲನ್ನು ಲಾರಿಗೆ ಏರಿಸುವಾಗ ನಿಂತು ನೋಡಿಕೊಳ್ಳುವುದು ಅವರ ಕೆಲಸ. ಅದು ಹೆಸರಿಗೆ. ಮಳೆಗಾಲ ಮುಗಿಯಿತೆಂದರೆ ಸಾವ್ಕಾರರ ಟೀಮು ಒಂದು ಜೀಪಿನಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಟೂರ್ನಮೆಂಟುಗಳಿಗೆ ತಿರುಗುತ್ತಿತ್ತು. ಆಗ ಇವರು ಕಾರ್ಖಾನೆಯ ಕಡೆ ಸುಳಿಯುತ್ತಿರಲಿಲ್ಲ.

ನಾನು ನೋಡಿದ ಮೊದಲ ಮ್ಯಾಚು ಸೇಡಮ್ಮಿನದು. ಉಳಿದವರು ಶಾಮಿಯಾನದ ಕೆಳಗೆ ಚಹಾ ಕುಡಿಯುತ್ತಿದ್ದರೆ ಇವರೊಬ್ಬರೇ ಸುಣ್ಣದ ಗೆರೆಯ ಗುಂಟ ಬಗ್ಗಿಕೊಂಡು ನಡೆಯುತ್ತಿದ್ದರು. ಕೈತುಂಬ ಹರಳು, ಗಾಜಿನ ಚೂರು.

"ಏನ್ ಆರಸ್ಲಿಕತ್ತೀರಿ?" ಎಂದೆ.

"ಬಾಲು ಹರಳಿಗಿ ಬಡದ್ರ ದಿಕ್ಕು ತಪ್ಪತದ. ನನಗ ಹಂಗ ದಿಕ್ಕು ತಪ್ಪಿದ್ ಬಾಲು ಸಿಗಂಗಿಲ್ಲ."

ಅವತ್ತು ಒಬ್ಬ ಬ್ಯಾಟ್ಸ್‌ಮನ್ ಚೆಂಡನ್ನು ಬಾನಿಗೆ ಎತ್ತಿದ. ಮೈದಾನದ ಜನವೆಲ್ಲ ಮೇಲೆ ನೋಡುತ್ತಿತ್ತು, ನಾನು ಇವರನ್ನು ನೋಡಿದೆ. ಇವರು ಓಡಲೇ ಇಲ್ಲ. ಬೌಲರ್ ಚೆಂಡು ಬಿಡುವ ಮೊದಲೇ ನಾಲ್ಕು ಹೆಜ್ಜೆ ಎಡಕ್ಕೆ ಸರಿದಿದ್ದರು. ಚೆಂಡು ಇಳಿದು ಅಲ್ಲಿಗೇ ಬಂತು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಇಷ್ಟೇನಾ ಅನ್ನಿಸಿತು ನನಗೆ. ಆಮೇಲೆ ಬೇರೆಯವರು ಓಡಿ, ಬಿದ್ದು, ಕೈಚೆಲ್ಲುವುದನ್ನು ನೋಡಿ ನೋಡಿ ಅರ್ಥವಾಯಿತು.

ಮೈಕಿನವನು ಇವರಿಗೆ ಗ್ವಾಡಿ, ಅಂದರೆ ಗೋಡೆ, ಎಂದು ಹೆಸರಿಟ್ಟಿದ್ದ. "ಗ್ವಾಡಿ ಕಡಿ ಹೊಡಿಬ್ಯಾಡ್ರಪ್ಪೋ, ಗ್ವಾಡಿಗಿ ತಲಿ ಬಡ್ಕೊಂಡಂಗ ಆಗ್ತದ!" ಎಂದು ಕೂಗಿದರೆ ಜನ ಕೇಕೆ ಹಾಕುತ್ತಿದ್ದರು. ಆದರೆ ಮ್ಯಾಚು ಮುಗಿದ ಮೇಲೆ ಕಪ್ಪು, ಹಾರ, ಶಾಲು ಎಲ್ಲವೂ ಬ್ಯಾಟು ಬೀಸಿದವರಿಗೆ, ವಿಕೆಟ್ ಕಿತ್ತವರಿಗೆ. ಇವರು ಫೋಟೋದ ಅಂಚಿನಲ್ಲಿ ನಿಂತಿರುತ್ತಿದ್ದರು.

"ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಹೊಡಿಯಾಂವ ಒಮ್ಮಿ ನನ್ನ ಕಡಿ ನೋಡ್ತಾನ. ನೋಡಿ, ಬ್ಯಾರೆ ಕಡಿ ಹೊಡಿತಾನ. ಅದು ಯಾರಿಗೂ ತಿಳಿಯಂಗಿಲ್ಲ, ಅವಗ ಮತ್ತ ನನಗ ಅಷ್ಟೇ ಗೊತ್ತು. ಸಾಕು."

ಆ ವರ್ಷಗಳು ಚೆನ್ನಾಗಿದ್ದವು. ಮಗಳು ಹುಟ್ಟಿದಳು. ಭಾನುವಾರ ಸಂಜೆ ಅವರ ಪ್ಯಾಂಟಿನ ಮೊಣಕಾಲಿನಿಂದ ಎರಿ ಮಣ್ಣು ತಿಕ್ಕಿ ತೆಗೆಯುವುದೇ ನನಗೊಂದು ಕೆಲಸ. ಬೈಯುತ್ತಲೇ ತೊಳೆಯುತ್ತಿದ್ದೆ.

ಮೊದಲು ಬದಲಾದದ್ದು ಆಟವೇ. ಟೂರ್ನಮೆಂಟುಗಳು ಒಂದೊಂದಾಗಿ ಸಂಜೆಯ ಮೇಲೆ, ಲೈಟು ಹಾಕಿ ನಡೆಯತೊಡಗಿದವು. ಜನ ಅದಕ್ಕೇ ಹೆಚ್ಚು ಸೇರುತ್ತಿದ್ದರು. ಇವರು ಒಂದಕ್ಕೂ ಹೋಗಲಿಲ್ಲ. ಒಮ್ಮೆ ಹೊಟ್ಟೆನೋವು, ಒಮ್ಮೆ ಊರಿಂದ ನೆಂಟರು. ಕೊನೆಗೆ "ಲೈಟಿನಾಗ ಆಡೂದು ಆಟ ಅಲ್ಲ, ನಾಟಕ" ಎಂದು ಕ್ಯಾಪ್ಟನ್ನಿಗೆ ಹೇಳಿಬಿಟ್ಟರು. ಹಳೆಯ ಕಾಲದ ಮನುಷ್ಯ ಎಂದು ಟೀಮಿನವರು ನಕ್ಕು ಸುಮ್ಮನಾದರು.

ಮನೆಯಲ್ಲಿ ನಾನು ನಗುವ ಹಾಗಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಬೈಕು ಹೊರಗೆ ತೆಗೆಯುವುದನ್ನು ಬಿಟ್ಟಿದ್ದರು. ಕರೆಂಟು ಹೋದರೆ ಕೂತಲ್ಲೇ ಕೂತಿರುತ್ತಿದ್ದರು. ಒಂದು ಸಂಜೆ ನಾಲವಾರದಿಂದ ನನ್ನ ಗಾಡಿ ತಡವಾಗಿ ಬಂತು. ಅವರು ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಕಾಯುತ್ತಿದ್ದರು. ನಾನು ಇಳಿದು ಹೋಗಿ ಅವರ ಬಲಗಡೆ ನಿಂತೆ. ಅವರು ನೇರ ಮುಂದೆಯೇ ನೋಡುತ್ತಿದ್ದರು, ಇಳಿಯುವ ಜನರಲ್ಲಿ ನನ್ನನ್ನು ಹುಡುಕುತ್ತಿದ್ದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಾನಿದ್ದೆ.

"ರೀ" ಎಂದೆ.

ಬೆಚ್ಚಿಬಿದ್ದರು. "ಯಾವಾಗ ಬಂದಿ?"

"ಬಾಜೂಕೇ ನಿಂತೀನಲ್ರಿ. ಕಾಣ್ಲಿಲ್ಲೇನು?"

"ಎಲ್ಲೋ ಧ್ಯಾನದಾಗ ಇದ್ದೆ" ಎಂದು ನನ್ನ ಕೈಚೀಲ ಇಸಕೊಂಡು ನಡೆದರು. ದವಾಖಾನೆಗೆ ಹೋಗೋಣ ಎಂದೆ. ಈ ಸೀಜನ್ ಮುಗಿಯಲಿ ಎಂದರು.

ಸೀಜನ್ನಿನ ಕೊನೆಯ ಮ್ಯಾಚು ಚಿಂಚೋಳಿಯಲ್ಲಿತ್ತು. ಹಗಲಿನ ಮ್ಯಾಚು. ಅಲ್ಲೇ ಹತ್ತಿರದ ತವರಿಗೆ ಬಂದಿದ್ದ ನಾನು ಅಣ್ಣನ ಜೊತೆ ನೋಡಲು ಹೋದೆ. ಆದರೆ ಯಾರೋ ಮುಖ್ಯ ಅತಿಥಿ ಬರುವುದು ತಡವಾಗಿ ಆಟವೂ ತಡವಾಗಿ ಶುರುವಾಯಿತು. ಎದುರಿನವರ ಕೊನೆಯ ಓವರುಗಳ ಹೊತ್ತಿಗೆ ಹೊತ್ತು ಇಳಿದು ಚಂದ್ರಂಪಳ್ಳಿ ಕಡೆಯ ಕಾಡು ಕಪ್ಪಾಗಿತ್ತು.

ಚೆಂಡು ಮೇಲೆ ಹೋಯಿತು. ಅವತ್ತು ಮೊದಲ ಸಲ ಇವರು ಓಡಿದ್ದನ್ನು ಕಂಡೆ. ಜಾಗ ಮೊದಲೇ ಗುರುತಿಸಲಾಗದೆ, ಮುಖ ಆಕಾಶಕ್ಕೆ ಎತ್ತಿ ಹಿಂದಕ್ಕೆ ಓಡುತ್ತಿದ್ದರು. ಪಕ್ಕದಿಂದ ಟೀಮಿನ ಹೊಸ ಬೌಲರ್, ಚಿತ್ತಾಪುರದ ಹುಡುಗ, ತಾನೇ ಹಿಡಿಯುತ್ತೇನೆಂದು ಕೈ ಮೇಲೆತ್ತಿ ಬರುತ್ತಿದ್ದ. ಬಾಯಿಬಿಟ್ಟು ಕೂಗುತ್ತಿದ್ದದ್ದು ಕಾಣುತ್ತಿತ್ತು, ಮೈಕಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಅವನು ಕಣ್ಣಿನಂಚಿಗೆ ಬಂದಾಗಲಾದರೂ ಇವರು ನಿಲ್ಲುತ್ತಾರೆ ಎಂದುಕೊಂಡೆ. ನಿಲ್ಲಲಿಲ್ಲ. ಇಬ್ಬರೂ ಪೂರ್ತಿ ವೇಗದಲ್ಲಿ ಬಡಿದುಕೊಂಡು ಬಿದ್ದರು.

ಇವರು ಎದ್ದು ಕೂತರು. ಚೆಂಡು ಕೈಯಲ್ಲಿತ್ತು. ಜನ ಹುಚ್ಚೆದ್ದು ಕೂಗಿದರು. ಹುಡುಗ ಏಳಲಿಲ್ಲ. ಹೆಗಲ ಎಲುಬು ಮುರಿದು ಚರ್ಮದ ಕೆಳಗೆ ಉಬ್ಬಿ ನಿಂತಿತ್ತು. ಯಾವುದಕ್ಕೆ ಬಡಿದೆ ಎಂದು ಇವರಿಗೆ ಆಗಲೂ ತಿಳಿದಿರಲಿಲ್ಲ, ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದರು.

"ಇಡೀ ಮೈದಾನಕ್ಕ ಕಂಡದ, ಇವಗೊಬ್ಬಗ ಕಾಣ್ಲಿಲ್ಲ. ಕ್ಯಾಚಿನ ಆಸಿ ನೋಡ್ರಿ" ಎಂದು ನನ್ನ ಹಿಂದೆ ಯಾರೋ ಅಂದರು. ಟೀಮು ಗೆದ್ದಿತು. ಜೀಪಿನಲ್ಲಿ ಇವರ ಜೊತೆ ಯಾರೂ ಮಾತಾಡಲಿಲ್ಲವಂತೆ.

ಮರುವಾರ ಕಲಬುರಗಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗಿನ ಪರದೆ ಅಂಚಿನಿಂದ ಒಣಗುತ್ತಾ ಬಂದಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಅದೂ ಸಣ್ಣದಾಗುತ್ತಾ ಹೋಗುತ್ತದೆ ಎಂದರು. ಔಷಧಿ ಇಲ್ಲ. ವಂಶದಲ್ಲಿ ಬರುವಂಥದ್ದು, ಬಹುಶಃ ಚಿಕ್ಕಂದಿನಲ್ಲೇ ಶುರುವಾಗಿದೆ.

"ಇಷ್ಟು ವರ್ಷ ಫೀಲ್ಡಿಂಗ್ ಹೆಂಗ ಮಾಡಿದ್ರಿ?" ಡಾಕ್ಟರು ಕೇಳಿದರು.

"ಬಾಜೂಕ ಬಂದ ಬಾಲು ನನಗ ಮೊದಲಿಂದೂ ಕಾಣ್ತಿದ್ದಿಲ್ಲರಿ. ಎಲ್ಲಾರಿಗೂ ಹಂಗೇ ಇರ್ತದ ಅಂತ ತಿಳದಿದ್ದೆ. ಅದಕ್ಕ ಹೊಡಿಯಾವನ ಕಾಲು ನೋಡಿ, ಬಾಲು ಬರೂ ಜಾಗಕ್ಕ ಮೊದಲೇ ಹೋಗಿ ನಿಂದರ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಕಿಟಕಿಯ ಕಡೆ ತಿರುಗಿದೆ.

ಊರಿಗೆ ಬಂದವರೇ ಮೊದಲು ಚಿತ್ತಾಪುರಕ್ಕೆ ಹೋಗಬೇಕೆಂದರು. ಹುಡುಗ ಮನೆಯಲ್ಲಿ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಅವನ ತಾಯಿ ನಮ್ಮನ್ನು ಒಳಗೆ ಬಿಡಲು ಮನಸ್ಸಿಲ್ಲದೆ ಬಾಗಿಲಲ್ಲೇ ನಿಂತಿದ್ದಳು. ಇವರು ಹೊಸ್ತಿಲು ಎಡವಿದರು. ಅದನ್ನು ನೋಡಿದ ಮೇಲೆ "ಕುಂದ್ರಿ" ಎಂದಳು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

"ಕಣ್ಣು ಕಾಣಂಗಿಲ್ಲಂದ್ರ ಆಟಕ್ಕ ಯಾಕ ಹೋದ್ಯೋ ಎಪ್ಪಾ?" ಎಂದಳು ಆಕೆ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಹುಡುಗನೇ ಅಂದ, "ಬಿಡವ್ವಾ. ಅಣ್ಣಾ, ನೀವು ಬಾಲು ಬಿಡಲಿಲ್ಲ ನೋಡ್ರಿ."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅದನ್ನು ಕೇಳಿಯೇ ಇವರು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಹುಡುಗನ ಎಲುಬು ಕೂಡಿತು, ಆದರೆ ಮೊದಲಿನ ವೇಗ ಬರಲಿಲ್ಲ. ಈಗ ಅವನು ಮೊಬೈಲ್ ಅಂಗಡಿಯಲ್ಲಿದ್ದಾನೆ. ಇವರು ಹಬ್ಬಕ್ಕೆ ಫೋನು ಮಾಡುತ್ತಾರೆ, ಅವನು ಎತ್ತುತ್ತಾನೆ, ಇಬ್ಬರಿಗೂ ಹೆಚ್ಚು ಮಾತು ಹೊರಡುವುದಿಲ್ಲ.

ಸಾವ್ಕಾರರು ದೊಡ್ಡ ಮನಸ್ಸಿನವರು. "ಟೀಮು ಹೋದ್ರ ಹೋಗ್ಲಿ, ಕಾರ್ಖಾನಿ ನಿಮ್ದೇ ಅದ, ಬರ್ರಿ" ಎಂದರು. ಕಲ್ಲು ಕೊಯ್ಯುವ ಯಂತ್ರಗಳ ನಡುವೆ, ಕೆಸರಿನ ನೆಲದ ಮೇಲೆ ಕಣ್ಣಿಲ್ಲದವನು ಓಡಾಡಿದರೆ ಇನ್ನೊಬ್ಬರಿಗೆ ಅಪಾಯ ಎಂದು ಇವರೇ ಬಿಟ್ಟರು. ಚಿಂಚೋಳಿಯ ಆ ಸಂಜೆಯ ನಂತರ ಅವರಿಗೆ ತನ್ನ ಕಣ್ಣಿಗಿಂತ ತನ್ನ ಪಕ್ಕದಲ್ಲಿ ಯಾರಿದ್ದಾರೋ ಎಂಬ ಚಿಂತೆಯೇ ದೊಡ್ಡದು. ಮನೆಯಲ್ಲೂ ಏಳುವ ಮೊದಲು "ಯಾರರೆ ಇದ್ದೀರೇನು?" ಎಂದು ಕೇಳಿಯೇ ಏಳುತ್ತಾರೆ.

ಮಗಳ ಕಣ್ಣನ್ನೂ ತೋರಿಸಬೇಕು ಎಂದು ಡಾಕ್ಟರು ಹೇಳಿದ್ದರು. ನಾವು ಮುಂದೂಡುತ್ತಲೇ ಇದ್ದೆವು. ಕೊನೆಗೆ ಹೋದೆವು. ಒಳಗೆ ಅವಳ ಪರೀಕ್ಷೆ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಇವರು ನನ್ನ ಕೈ ಹಿಡಿದುಕೊಂಡಿದ್ದರು, ಬೆರಳು ನೋಯುವಷ್ಟು ಬಿಗಿಯಾಗಿ. ಏನೂ ದೋಷವಿಲ್ಲ ಎಂದು ಡಾಕ್ಟರು ಹೇಳಿದರು. ಬಸ್‌ಸ್ಟ್ಯಾಂಡಿನವರೆಗೂ ಇವರು ಅವಳನ್ನು ಬಿಡಲಿಲ್ಲ. "ಮುಂದ ನೋಡ್ಕೋತ ನಡಿ. ಎಡಕ್ಕ ಏನದ? ಬಲಕ್ಕ?" ಬಾಳೆಹಣ್ಣಿನ ಬಂಡಿ, ಆಟೋ, ಒಬ್ಬ ಅಜ್ಜ ಎಂದು ಅವಳು ಹೇಳುತ್ತಾ ಹೋದಳು. ಆಮೇಲೆ ಬೇಸರವಾಗಿ "ಸಾಕ್ ಬಿಡಪ್ಪ" ಎಂದಳು. ಅವಳಿಗೆ ಕ್ರಿಕೆಟ್ ಅಂದರೆ ಆಗದು.

ಈಗ ಅವರಿಗೆ ಹಗಲಿನಲ್ಲಿ, ಒಳ್ಳೆಯ ಬಿಸಿಲಿದ್ದರೆ, ಸ್ವಲ್ಪ ಕಾಣುತ್ತದೆ. ಟಿವಿಯಲ್ಲಿ ಮ್ಯಾಚು ಹಾಕಿದರೆ ದನಿ ಮಾತ್ರ ಕೇಳುತ್ತಾರೆ. ಯಾವ ಫೀಲ್ಡರ್ ಎಲ್ಲಿ ನಿಂತಿದ್ದಾನೆಂದು ಅದರಲ್ಲಿ ಹೇಳುವುದಿಲ್ಲ ಎಂದು ಗೊಣಗಿ ಬಂದ್ ಮಾಡಿಸುತ್ತಾರೆ.

ಹೋದ ತಿಂಗಳು ನಾನು ಶಾಲೆಗೆ ಹೊರಡುವಾಗ ಕರೆದರು. ಅಂಗಳದಲ್ಲಿ ಬಿಸಿಲಿತ್ತು.

"ಇಲ್ಲಿ ಬಾ. ನನ್ನ ಎದುರಿಗಿ ನಿಂದುರು. ಸರದಾಡಬ್ಯಾಡ."

ನಿಂತೆ. ಅವರು ನನ್ನ ಹಣೆ ನೋಡಿದರು, ಆಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು. ಮುಖ ಒಮ್ಮೆಗೇ ಅವರಿಗೆ ಸಿಗುತ್ತಿರಲಿಲ್ಲ. ಚೂರುಚೂರಾಗಿ ನೋಡುತ್ತಾ ಗದ್ದದವರೆಗೆ ಬಂದರು, ಮತ್ತೆ ಹಣೆಯಿಂದ ಶುರುಮಾಡಿದರು. ನನ್ನ ಕಣ್ಣಿನಲ್ಲಿ ನೀರು ಬಂದದ್ದು ಅವರಿಗೆ ಕಂಡಿತೋ ಇಲ್ಲವೋ.

"ಕೂದಲಾ ಬೆಳ್ಳಗಾಗ್ಯಾವು" ಎಂದರು.

"ಆಗ್ಯಾವ್ರಿ."

"ಗಾಡಿ ಟೈಮ್ ಆಯ್ತು. ಹೋಗಿ ಬಾ."