ಹೊಳೆವ್ವನ ಔಷಧ, ಆವಲಪ್ಪನವರ ವಿಚಾರಣೆ

ಪೀಣ್ಯದ ನಮ್ಮ ಕಾರ್ಮಿಕರ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಔಷಧ ವಿತರಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಆವಲಪ್ಪನವರು, ಔಷಧ ಕೊಟ್ಟರೆ ಸಾಲದು, ಅದು ರೋಗಿಯ ಹೊಟ್ಟೆ ಸೇರಿತೇ ಎಂದು ವಿಚಾರಿಸುವುದೂ ತಮ್ಮ ವೃತ್ತಿಯ ಭಾಗವೇ ಎಂದು ನಂಬಿದ ವಿರಳ ಫಾರ್ಮಸಿಸ್ಟರು. ಹದಿಮೂರು ವರ್ಷ ಅವರ ಕೈಕೆಳಗೆ ದುಡಿದ ನನಗೆ ಈ ನಾಲ್ಕು ಮಾತು ಬರೆಯುವುದು ಹೆಮ್ಮೆಯ ಸಂಗತಿ. ಒಂದಿಷ್ಟು ನಾಚಿಕೆಯದೂ ಹೌದು.

ಪತ್ನಿ ತೀರಿಕೊಂಡ ಮೇಲೆ ಚಿಕ್ಕಬಾಣಾವರದ ಮನೆಯಲ್ಲಿ ಅವರು ಒಬ್ಬರೇ; ಜೊತೆಗೆ ಬಿಪಿಯೂ ಇದೆ. ಮಧ್ಯಾಹ್ನ ಸ್ಟೋರಿನ ಮೂಲೆಯಲ್ಲಿ ನಮಗೆಲ್ಲ ಬೆನ್ನು ಮಾಡಿ ಉಣ್ಣುತ್ತಿದ್ದರು. ಜೊತೆಗೆ ಕರೆದರೆ, "ಆಯ್ತಲ್ಲಮ್ಮ, ಮುಗೀತು" ಅನ್ನುತ್ತಿದ್ದರು.

ಮೂರು ವರ್ಷಗಳ ಹಿಂದೆ ಯಾದಗಿರಿ ಕಡೆಯ ಹೊಳೆವ್ವ ಎಂಬ ಕಾರ್ಖಾನೆ ಕೆಲಸದಾಕೆ ನಮ್ಮಲ್ಲಿಗೆ ಬಂದಳು. ಹುಟ್ಟಿನಿಂದಲೇ ಬಂದ ಕುಡುಗೋಲು ಕಣ ರೋಗ: ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಎಲುಬು ಸೀಳುವಂಥ ನೋವು. ಗುಳಿಗೆಯೊಂದರಿಂದಲೇ ಅದು ಹತೋಟಿಗೆ ಬಾರದಿದ್ದಾಗ ತಜ್ಞರು ಗ್ಲುಟಮಿನ್ ಎಂಬ ಅಮೈನೊ ಆಮ್ಲದ ಪುಡಿಯನ್ನೂ ಬರೆದರು. ದಿನಕ್ಕೆರಡು ಸಲ ತಣ್ಣೀರಿನಲ್ಲಿ ಕದಡಿ ಕುಡಿಯಬೇಕು. ರೋಗ ವಾಸಿಯಾಗದು, ನೋವು ಬರುವುದು ಕಡಿಮೆಯಾದೀತು ಎಂದು ಆವಲಪ್ಪನವರು ಬಿಡಿಸಿ ಹೇಳಿದ್ದರು. ಏಳೆಂಟು ತಿಂಗಳು ಹಾಗೆಯೇ ಆಯಿತು.

ಆಮೇಲೊಂದು ತಿಂಗಳು ಅವಳು ಪುಡಿ ಒಯ್ಯಲು ಬರಲಿಲ್ಲ. "ಊರಿಗೆ ಹೋಗಿರ್ತಾಳೆ ಬಿಡಿ ಸಾರ್" ಎಂದವಳು ನಾನೇ. ಅವರು ವಿಳಾಸ ಬರೆದುಕೊಂಡು, ಅರ್ಧ ದಿನ ರಜೆ ಹಾಕಿ ಹೊರಟರು. ಬಾಡಿಗೆ ಕೋಣೆಯಲ್ಲಿ ಹೊಳೆವ್ವ ಎರಡು ದಿನದಿಂದ ಒಬ್ಬಳೇ ನರಳುತ್ತಿದ್ದಳು. ಎದ್ದು ನೀರು ಕುಡಿಯಲೂ ಆಗಿರಲಿಲ್ಲ. ಆಟೋದಲ್ಲಿ ಕರೆತಂದು ದಾಖಲಿಸಿದರು.

ನೋವು ಇಳಿದ ಮೇಲೆ ಕೇಳಿದರು: "ಯಾಕಮ್ಮ ಬಿಟ್ಬಿಟ್ಟೆ?"

"ಕೋಣ್ಯಾಗಿದ್ದಾಕಿ ಪುಡಿ ನೋಡಿ, ಅಂಟುರೋಗ ಅಂತ ಹೋಗಿಬಿಟ್ಳರಿ. ಹೊಸಾಕಿನೂ ಹೋಗ್ತಾಳಂತ ಅಂಜಿ ಕುಡಿಯೋದು ಬಿಟ್ಟೆ. ನನ್ನ ನೋವು ನೋಡಿ ಆಕಿನೂ ಹೋದ್ಳು."

ಆವಲಪ್ಪನವರು, "ಬೆಳಿಗ್ಗೇದು ಇಲ್ಲಿ ಬಂದು ಕುಡಿ. ಸಂಜೇದು ನಾನು ಫೋನ್ ಮಾಡಿ ಕೇಳ್ತೀನಿ" ಎಂದರು. ಎರಡು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ. ಆ ಅವಧಿಯಲ್ಲಿ ಅವಳು ನೋವಿನಿಂದ ದಾಖಲಾದದ್ದು ಒಂದೇ ಸಲ. ಕೋಣೆಯಲ್ಲಿ ಈಗಲೂ ಅವಳು ಒಬ್ಬಳೇ.

ಮೊನ್ನೆ ಬೀಳ್ಕೊಡುಗೆಯ ಸುದ್ದಿ ಕೇಳಿ ಬಂದ ಹೊಳೆವ್ವ ಕೌಂಟರಿನಾಚೆ ನಿಂತು, "ಸರ, ಬಿಪಿ ಗುಳಿಗಿ ತಗೊಂಡ್ರೇನು ಅಂತ ನಿಮಗ ಯಾರು ಕೇಳ್ತಾರ್ರೀ?" ಅಂದಳು. ಅವರು ನಕ್ಕು ಮುಂದಿನ ಚೀಟಿ ಕೈಗೆತ್ತಿಕೊಂಡರು. ಹದಿಮೂರು ವರ್ಷ ಪಕ್ಕದಲ್ಲೇ ಇದ್ದ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ.

ಪೂಜ್ಯರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ, ಅವರ ವಿಚಾರಿಸುವ ಕೆಲಸ ನಿವೃತ್ತಿಯ ಬಳಿಕವೂ ನಡೆಯಲಿ. ಹೊಳೆವ್ವ ಕೇಳಿದ ಪ್ರಶ್ನೆಯನ್ನು ಇನ್ನು ಪ್ರತಿ ಬೆಳಿಗ್ಗೆ ನಾನು ಕೇಳುತ್ತೇನೆ ಸಾರ್. ದಯವಿಟ್ಟು ಫೋನ್ ಎತ್ತಿ.

— ಗೌರಿ