ಟವರಿನ ಮೂರನೆಯ ತಟ್ಟೆ

ನಮ್ಮ ಮನೆಯ ಹಿತ್ತಿಲ ಬಾಗಿಲನ್ನು ಕೈಯಿಂದ ತೆರೆಯುವ ಮುಂಚೆ ಕಿವಿಯಿಂದ ತೆರೆಯಬೇಕು. ಮಕ್ಕಳೇ, ರಜೆಗೆ ಬಂದಾಗ ನಾನು ಬೆಳಗಿನ ಹೊತ್ತು ಚಿಲಕ ಹಿಡಿದು ಕಲ್ಲಿನಂತೆ ನಿಂತಿರುವುದನ್ನು ಕಂಡು, ಅಜ್ಜಿಗೆ ಏನೋ ಮರೆತುಹೋಗಿದೆ ಎಂದು ನೀವು ನಕ್ಕಿರಿ. ಮರೆವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆಗ ನಾನು ಆನೆ ಇದೆಯೇ ಎಂದು ಆಲಿಸುತ್ತಿರುತ್ತೇನೆ. ಬಿದಿರು ಮುರಿಯುವ ಸದ್ದು, ಮೊರದಂಥ ಕಿವಿ ಬಡಿಯುವ ಸದ್ದು, ಹೊಟ್ಟೆಯೊಳಗಿನ ಗುಡುಗುಡು, ಇವು ಯಾವುದೂ ಇಲ್ಲವೆಂದಾದರೆ ಮಾತ್ರ ಚಿಲಕ ಸರಿಸುವುದು. ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಮೋಯಾರ್ ದಾರಿಯ ಊರಿಗೆ ಬಂದಾಗ ನಿಮ್ಮ ತಾತ ಕಲಿಸಿದ ಮೊದಲ ಪಾಠವಿದು. ಐದನೇ ಕ್ಲಾಸಿನವರೆಗೆ ಮೇಷ್ಟ್ರು ಕಲಿಸಿದ ಮಗ್ಗಿಗಿಂತ ಇದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು.

ತಾತ ಹೋದ ಎರಡನೇ ವರ್ಷ ಬೇಲಿಯಾಚೆ ಮೊಬೈಲ್ ಟವರ್ ಎದ್ದಿತು. ಆಕ್ಷೇಪಣೆ ಇದೆಯೇ ಎಂದು ಮೊದಲೇ ಮನೆಮನೆಗೆ ಬಂದು ಕೇಳಿದ್ದರು. ಹೊರಗಿನ ಗಂಡಸರ ಮುಂದೆ ಬಾಯಿ ತೆರೆಯಲಾರದ ನಾನು ಕದದ ಹಿಂದೆ ನಿಂತು ಇಲ್ಲವೆಂದು ತಲೆಯಾಡಿಸಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ನಾನೊಬ್ಬಳೇ ದುಂಡಗೆ ರುಜು ಹಾಕಿದೆ. ಅಕ್ಷರ ಚೆನ್ನಾಗಿ ಬಂತೆಂದು ಸಂಜೆಯವರೆಗೆ ಹಿಗ್ಗಿಕೊಂಡೂ ಇದ್ದೆ. ಆಗ ಒಂದೇ ಕಂಪನಿ, ಸಿಗ್ನಲ್ ಹಿಡಿಯುವ ಒಂದೇ ತಟ್ಟೆ, ಸಣ್ಣ ಜನರೇಟರು. ನಿಮ್ಮ ಧ್ವನಿ ಕೇಳುವ ಆಸೆ ನನಗೂ ಇತ್ತಲ್ಲ.

ಆಮೇಲೆ ಅದೇ ಕಂಬದ ಮೇಲೆ ಇನ್ನೊಂದು ಕಂಪನಿಯ ತಟ್ಟೆ ಬಂತು, ಮೂರನೆಯದೂ ಬಂತು. ಮೂವರನ್ನೂ ಸಾಕಲು ಲಾರಿಯಂಥ ಜನರೇಟರು ಬಂತು. ನಮ್ಮಲ್ಲಿ ಕರೆಂಟು ಬೆಳಗಾಗುವ ಹೊತ್ತಿಗೇ ಹೋಗುವುದು. ಅದು ಹೋದೊಡನೆ ಈ ಯಂತ್ರ ಅಬ್ಬರಿಸುತ್ತದೆ. ಈ ಸಲ ಯಾರೂ ಕೇಳಲು ಬರಲಿಲ್ಲ. ಹೊಸ ಟವರ್ ನೆಡುವುದಾದರೆ ನೆರೆಯವರನ್ನು ಕೇಳಬೇಕಂತೆ, ಮನೆಗಳಿಂದ ಇಷ್ಟು ದೂರವೆಂದು ಅಳೆಯಬೇಕಂತೆ. ನಿಂತಿರುವ ಟವರಿಗೆ ತಟ್ಟೆ ಕಟ್ಟಲು ಕಚೇರಿಗೊಂದು ಕಾಗದ ಕೊಟ್ಟರೆ ಸಾಕಂತೆ.

ಪಕ್ಕದ ಮನೆಯ ಮಾದಿ ಕಾಡಿನಲ್ಲಿ ಕಿಚ್ಚು ಹರಡದಂತೆ ಬೆಂಕಿರೇಖೆ ಕಡಿಯುವ ಕೂಲಿಗೆ ಹೋಗುವವಳು, ಗಾಳಿಯಲ್ಲೇ ಆನೆಯ ಸುಳಿವು ಹಿಡಿಯುವವಳು. ಅಂಥವಳು ಒಂದು ಬೆಳಿಗ್ಗೆ ಕೊಡ ಹಿಡಿದು ಹೊರಟು ನೇರ ಆನೆಯ ಎದುರಿಗೇ ಹೋಗಿ ನಿಂತಳು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ, ಡೀಸೆಲ್ ನಾತದಲ್ಲಿ ಬೇರೆ ವಾಸನೆಯೂ ತಿಳಿದಿರಲಿಲ್ಲ. ಓಡಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡು ಬದುಕಿದಳು. ಅಂದು ನನ್ನ ನಾಚಿಕೆ ಹೋಯಿತೆಂದು ಹೇಳಲಾರೆ. ಸಿಟ್ಟು ಅದಕ್ಕಿಂತ ದೊಡ್ಡದಾಯಿತು.

ಅವಳು ಕೋಲೂರಿ ನಡೆಯುವಂತಾದ ಮೇಲೆ ಇಬ್ಬರೂ ಟವರಿಗೆ ಅನುಮತಿ ಕೊಡುವ ಕಚೇರಿಗೆ ಹೋದೆವು.

"ಇದು ಹೊಸ ಟವರ್ ಅಲ್ಲಮ್ಮ, ಇರೋದಕ್ಕೆ ಸೇರಿಸಿರೋದು," ಎಂದರು ಅಧಿಕಾರಿ. "ಎತ್ತರ ಏನಾದ್ರೂ ಜಾಸ್ತಿ ಆಗಿದ್ಯಾ? ಇಲ್ವಲ್ಲ."

"ಎತ್ತರ ಯಾರು ಕೇಳಿದ್ರು ಸ್ವಾಮಿ?" ಎಂದಳು ಮಾದಿ. "ಅದರ ತಲೆ ಮೇಲೆ ಸಂಸಾರ ಮಾಡ್ತೀವಾ ನಾವು? ಬುಡದಲ್ಲಿರೋರು."

ನಾನು ಸೆರಗು ಹಿಂಡುತ್ತ, "ಬೆಳಿಗ್ಗೆ ಅರ್ಧ ಗಂಟೆ ಮಿಷನ್ ನಿಲ್ಸಿ ಸಾರ್. ಕೇಳಿಸ್ಕೊಂಡು ಆಚೆ ಬರ್ತೀವಿ," ಎಂದೆ.

"ಹಾಗೆ ನಿಲ್ಸೋಕೆ ರೂಲ್ಸಲ್ಲಿ ಇಲ್ಲಮ್ಮ."

ಕಬ್ಬಿಣದ ಎತ್ತರವನ್ನು ಅಂಗುಲ ಅಂಗುಲವಾಗಿ ಅಳೆಯುವ ನಿಯಮಕ್ಕೆ ಅದರ ಕೆಳಗೆ ಬಾಗಿಲಿಗೆ ಕಿವಿಯಾನಿಸಿ ನಿಂತವಳು ಕಾಣಿಸುವುದೇ ಇಲ್ಲ. ಅದನ್ನು ಬರೆದವರು ಯಾರೋ, ಅವರ ಹಿತ್ತಿಲಲ್ಲಿ ಏನು ಓಡಾಡುತ್ತದೋ.

ಯಂತ್ರಕ್ಕೆ ಎಣ್ಣೆ ಹಾಕಲು ಬರುವ ಸೆಲ್ವಂ ತಮಿಳು ಬಯಲುಸೀಮೆಯಿಂದ ಬಂದವನು. ಮರುದಿನ ಬೆಳಿಗ್ಗೆ ಮಾದಿ ನಮ್ಮ ಹಿತ್ತಿಲ ಮೆಟ್ಟಿಲಲ್ಲಿ ನಿಂತು ಅವನನ್ನು ಕೂಗಿದಳು. "ತಂಬಿ, ಒಂದ್ಸಲ ಆಫ್ ಮಾಡಪ್ಪ. ಎಲೆ ಅಡಿಕೆ ಹಾಕೋ ಅಷ್ಟು ಹೊತ್ತು."

"ಸಿಗ್ನಲ್ ಹೋಯ್ತದೆ ಅಕ್ಕಾ. ಕಂಪನಿಲಿ ತಿಟ್ಟುವಾಂಗ, ಬೈತಾರೆ."

"ನೀನೇ ಹೋದ್ರೆ ಯಾರನ್ನ ಬೈತಾರೆ?"

ಅವನು ನಗುತ್ತ ಆಫ್ ಮಾಡಿದ. ಎಷ್ಟೋ ತಿಂಗಳ ಮೇಲೆ ಆ ಹೊತ್ತಿನ ಮೌನ ಕೇಳಿದೆ. ಆ ಮೌನದಲ್ಲಿ, ಅವನ ಶೆಡ್ಡಿನ ಬೆನ್ನಿಗೇ ಇದ್ದ ಲಂಟಾನ ಪೊದೆಯೊಳಗೆ, ಹೊಟ್ಟೆಯೊಂದು ಗುಡುಗುಡು ಎಂದಿತು. ಸೆಲ್ವಂ ನಿಂತಲ್ಲೇ ಮರಗಟ್ಟಿದ. ಮಾದಿ ಕೋಲೂರಿಕೊಂಡೇ ಹೋಗಿ ಅಂಗಿ ಹಿಡಿದು ಎಳೆತಂದಳು. ನಮ್ಮ ಅಡುಗೆಮನೆಯಲ್ಲಿ ಅವನು ಕುಡಿದ ಕಾಫಿಯಲ್ಲಿ ಅರ್ಧ ಅವನ ಅಂಗಿಯ ಮೇಲೇ ಚೆಲ್ಲಿತು.

ಅಂದಿನಿಂದ ಬೆಳಿಗ್ಗೆ ಅರ್ಧ ಗಂಟೆ ಅವನೇ ಯಂತ್ರ ನಿಲ್ಲಿಸುತ್ತಾನೆ. ಹೋದ ತಿಂಗಳು ತಪಾಸಣೆಗೆ ಬಂದ ಅದೇ ಅಧಿಕಾರಿ, ಯಾರ ಆರ್ಡರಿನ ಮೇಲೆ ನಿಲ್ಲಿಸಿದ್ದೀಯ ಎಂದು ಅವನನ್ನು ಗದರಿಸಿದರು.

"ಆರ್ಡರ್ ಕೊಟ್ಟೋನು ಪೊದೆಯಾಚೆ ಅವ್ನೆ ಸಾರ್," ಎಂದಳು ಮಾದಿ. "ಹೋಗಿ ಕೇಳ್ಕಂಡು ಬನ್ನಿ."

ಅವರು ಪೊದೆಯತ್ತ ನೋಡಿ ಪುಸ್ತಕ ಮುಚ್ಚಿದರು. ಈ ಅರ್ಧ ಗಂಟೆಯನ್ನೇ ನಿಯಮವಾಗಿ ಬರೆದುಕೊಳ್ಳಿ ಎಂದೆ. ಅದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲವಂತೆ. "ಗೆರೆ ಹಾಕಿ ಸಾರ್, ಒಂದು ಹೊಸ ಕಾಲಂ ಆಗ್ತದೆ," ಎಂದೆ. ಹಾಕಲಿಲ್ಲ.

ನಾಳೆ ಸೆಲ್ವಂಗೆ ಬೇರೆ ಊರಿಗೆ ವರ್ಗವಾದರೆ ಈ ಅರ್ಧ ಗಂಟೆಯೂ ಅವನ ಹಿಂದೆಯೇ ಹೋಗುತ್ತದೆ. ಅದಕ್ಕೇ ಮಾದಿಯೂ ನಾನೂ ಸೋಮವಾರ ಸೋಮವಾರ ಮೊದಲ ಬಸ್ಸು ಹತ್ತುತ್ತೇವೆ. ನಾವು ಕಚೇರಿಯ ಮೆಟ್ಟಿಲೇರುವ ಸದ್ದಾದೊಡನೆ ಅಧಿಕಾರಿ ಮೊಬೈಲನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಆ ಕಿವಿ ಖಾಲಿಯಾಗುವವರೆಗೆ ನಾವು ಬೆಂಚಿನಿಂದ ಏಳುವುದಿಲ್ಲ.